ವೆಂಟಿಲೇಟರ್ ಆಮೇಲೆ, ಮೊದಲು ಉಸಿರು ಎಣಿಸಲಿ

ಮಕ್ಕಳ ತೀವ್ರ ನಿಗಾ ಘಟಕಕ್ಕೆ, ನಾವೆಲ್ಲ ಕರೆಯುವ ಹಾಗೆ ಪಿಐಸಿಯುಗೆ, ಪೋಸ್ಟಿಂಗ್ ಮೇಲೆ ಬರುವ ಫೈನಲ್ ಇಯರ್ ವಿದ್ಯಾರ್ಥಿಗಳು ಮತ್ತು ಇಂಟರ್ನ್‌ಗಳ ಸಮಯ ಹೆಚ್ಚಾಗಿ ಎರಡು ಕೆಲಸಗಳಲ್ಲಿ ಕಳೆದುಹೋಗುತ್ತದೆ. ರೌಂಡ್ಸ್‌ನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ವೆಂಟಿಲೇಟರ್ ಪರದೆಯ ಅಂಕಿಗಳನ್ನು ಬರೆದುಕೊಳ್ಳುವುದು ಒಂದು. ಲ್ಯಾಬಿಗೆ ಸ್ಯಾಂಪಲ್ ಒಯ್ದು ರಿಪೋರ್ಟ್ ತರುವುದು ಇನ್ನೊಂದು. ಇವರಲ್ಲಿ ಮುಂದೆ ಪಿಐಸಿಯು ತಜ್ಞರಾಗುವವರು ಬೆರಳೆಣಿಕೆಯಷ್ಟು ಜನ. ಉಳಿದವರಲ್ಲಿ ಬಹಳಷ್ಟು ಮಂದಿ ಸ್ವಲ್ಪ ದಿನದಲ್ಲೇ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲೋ ರಾತ್ರಿ ಡ್ಯೂಟಿಯಲ್ಲಿ ಒಬ್ಬರೇ ಇರುತ್ತಾರೆ. ನಮ್ಮ ಹತ್ತಿರ ಶ್ವಾಸನಾಳಕ್ಕೆ ಟ್ಯೂಬ್ ಹಾಕಿಸಿಕೊಂಡು ಮಲಗಿರುವ ಮಗು ನಾಲ್ಕು ಗಂಟೆ ಮುಂಚೆ ಅಂಥದೇ ಒಬ್ಬ ವೈದ್ಯರ ಮುಂದೆ ತಾಯಿಯ ಮಡಿಲಲ್ಲಿ ಕುಳಿತಿತ್ತು. ಆದ್ದರಿಂದ ವಿದ್ಯಾರ್ಥಿಗೆ ಪಿಐಸಿಯುನಲ್ಲಿ ಕಲಿಸಬೇಕಾದದ್ದು ಪಿಐಸಿಯುಗೆ ಬರುವ ಮುಂಚಿನ ಒಂದು ಗಂಟೆಯನ್ನು. ಆ ಗಂಟೆಗೆ ಬೇಕಾದ ಕೈಕೆಲಸ, ಲೆಕ್ಕ ಮತ್ತು ಮಾತು ಇಲ್ಲಿ ಕಲಿಯಲು ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ.

ಮೊದಲ ದಿನ ವಿದ್ಯಾರ್ಥಿಯನ್ನು ಮಾನಿಟರ್‌ಗೆ ಬೆನ್ನು ಹಾಕಿ ನಿಲ್ಲಿಸಬೇಕು. ಮಂಚದ ಕಾಲಿನ ಕಡೆ ನಿಂತು, ಮಗುವನ್ನು ಮುಟ್ಟದೆ, ಅರ್ಧ ನಿಮಿಷದೊಳಗೆ ಮೂರು ವಿಷಯ ಹೇಳಬೇಕು: ಮಗು ಹೇಗೆ ಕಾಣುತ್ತಿದೆ, ಹೇಗೆ ಉಸಿರಾಡುತ್ತಿದೆ, ಬಣ್ಣ ಹೇಗಿದೆ. ಕಾಣುವುದೆಂದರೆ ಅಮ್ಮನ ಮುಖ ನೋಡುತ್ತಿದೆಯೇ, ಕೈಕಾಲು ಆಡಿಸುತ್ತಿದೆಯೇ, ಅಳುವಿಗೆ ಬಲವಿದೆಯೇ, ಇಲ್ಲಾ ಮಂಕಾಗಿ ಬಿದ್ದುಕೊಂಡಿದೆಯೇ. ಉಸಿರೆಂದರೆ ಪಕ್ಕೆ ಸೆಳೆತ, ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ತಲೆ ಕುಣಿಯುವುದು, ಉಸಿರು ಬಿಡುವಾಗ ಸಣ್ಣಗೆ ನರಳುವ ಸದ್ದು. ಈ ನರಳುವಿಕೆಯನ್ನು ಹೊಸಬರು ಅಳು ಅಂದುಕೊಂಡು ಬಿಟ್ಟುಬಿಡುತ್ತಾರೆ. ಕುಸಿಯುತ್ತಿರುವ ಗಾಳಿಗೂಡುಗಳನ್ನು ತೆರೆದಿಡಲು ಮಗು ಅರೆಮುಚ್ಚಿದ ಗಂಟಲಿನಿಂದ ಗಾಳಿಯನ್ನು ತಡೆದು ತಡೆದು ಬಿಡುವ ಸದ್ದು ಅದು. ಅದು ಕೇಳಿಸಿತೆಂದರೆ ಆಕ್ಸಿಜನ್‌ಗೆ ಕೈ ಹಾಕಬೇಕು.

ಆಮೇಲೆ ಬಟ್ಟೆ ಬಿಚ್ಚಿಸಿ ಎದೆ, ಹೊಟ್ಟೆ ಎರಡೂ ಕಾಣುವಂತೆ ಮಾಡಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಎಳೆಮಕ್ಕಳಲ್ಲಿ ನಡೆಯುವುದಿಲ್ಲ. ಪುಟ್ಟ ಮಗು ಕೆಲವು ಸೆಕೆಂಡ್ ಉಸಿರು ನಿಧಾನಿಸಿ ಮತ್ತೆ ಬೇಗ ಬೇಗ ತೆಗೆದುಕೊಳ್ಳುತ್ತದೆ. ಯಾವ ಹದಿನೈದು ಸೆಕೆಂಡ್ ಸಿಕ್ಕಿತು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಗಡಿಗಳು ಬಾಯಿಪಾಠವಿರಲಿ: ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಇದಕ್ಕಿಂತ ಮುಖ್ಯವಾದದ್ದು ಅಂಕಿ ಇಳಿದಾಗ ಏನು ಅರ್ಥಮಾಡಿಕೊಳ್ಳುತ್ತಾರೆ ಎನ್ನುವುದು. ಬೆಳಿಗ್ಗೆ 70 ಇದ್ದ ಉಸಿರು ಮಧ್ಯಾಹ್ನ 30 ಆಗಿದೆ, ಮಗು ಸುಮ್ಮನಾಗಿದೆ ಎಂದರೆ ವಿದ್ಯಾರ್ಥಿ ಸಮಾಧಾನಪಡುತ್ತಾರೆ. ಮಗು ಎಚ್ಚರವಾಗಿ ಆಡುತ್ತಿದ್ದರೆ ಸಮಾಧಾನಪಡಬಹುದು. ಮಂಕಾಗಿದ್ದರೆ ಅದು ಸುಸ್ತಾಗಿ ಸೋಲುತ್ತಿದೆ, ಉಸಿರು ನಿಲ್ಲಲು ಹೆಚ್ಚು ಹೊತ್ತಿಲ್ಲ.

ರಕ್ತಸಂಚಾರದ ವಿಷಯದಲ್ಲಿ ಕಲಿಸಬೇಕಾದ ಒಂದೇ ಮಾತಿದ್ದರೆ ಅದು ಮಕ್ಕಳ ಬಿಪಿ ಕೊನೆಗೆ ಬೀಳುತ್ತದೆ ಎನ್ನುವುದು. ಒಂದರಿಂದ ಹತ್ತು ವರ್ಷದ ಮಗುವಿಗೆ ಮೇಲಿನ ಬಿಪಿಯ ಕೆಳಮಿತಿ 70ಕ್ಕೆ ವಯಸ್ಸಿನ ಎರಡರಷ್ಟು ಕೂಡಿಸಿದಷ್ಟು. ನಾಲ್ಕು ವರ್ಷಕ್ಕೆ 78. ಆ ಅಂಕಿ ಮುಟ್ಟುವ ಹೊತ್ತಿಗೆ ಶಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದೆ ಹೋಗುವ ಸ್ಥಿತಿ, ಬಹಳ ಮುಂದುವರಿದಿರುತ್ತದೆ. ಅದಕ್ಕೂ ಮುಂಚೆ ನಾಡಿ ಓಡುತ್ತಿರುತ್ತದೆ, ಪಾದ ತಣ್ಣಗಾಗಿರುತ್ತದೆ, ಉಚ್ಚೆ ಕಡಿಮೆಯಾಗಿರುತ್ತದೆ. ಕ್ಯಾಪಿಲರಿ ರೀಫಿಲ್ ನೋಡುವುದನ್ನು ಎಲ್ಲರೂ ಬರೆಯುತ್ತಾರೆ, ಸರಿಯಾಗಿ ಮಾಡುವವರು ಕಡಿಮೆ. ಎದೆಯ ಮಧ್ಯದ ಮೂಳೆಯ ಮೇಲೆ, ಇಲ್ಲವೇ ಹೃದಯದ ಮಟ್ಟಕ್ಕೆ ಎತ್ತಿ ಹಿಡಿದ ಬೆರಳಿನ ಮೇಲೆ ಐದು ಸೆಕೆಂಡ್ ಒತ್ತಿ ಬಿಡಬೇಕು. ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಹೆಚ್ಚಾದರೆ ಎಚ್ಚರ, ಮೂರು ದಾಟಿದರೆ ಖಂಡಿತ ತೊಂದರೆ. ಪಿಐಸಿಯುವಿನ ಎಸಿ ಗಾಳಿ ನೇರ ಪಾದಕ್ಕೆ ಬೀಸುತ್ತಿದ್ದರೆ ಆರೋಗ್ಯವಂತ ಮಗುವಿನ ಪಾದವೂ ತಣ್ಣಗಿರುತ್ತದೆ, ಹಾಗಾಗಿ ಎರಡು ಕಡೆ ನೋಡಬೇಕು. ಬಿಪಿ ಕಫ್ ಕೂಡ ಹೀಗೇ ಮೋಸ ಮಾಡುತ್ತದೆ. ದೊಡ್ಡವರ ಕಫ್ ಸುತ್ತಿದರೆ ಬಿಪಿ ಕಡಿಮೆ ತೋರಿಸುತ್ತದೆ, ತೀರಾ ಚಿಕ್ಕದಾದರೆ ಹೆಚ್ಚು. ಕಫ್ ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇಕಡಾ 40ರಷ್ಟಿರಬೇಕು. ರಕ್ತದ ಆಕ್ಸಿಜನ್ ಮಟ್ಟ ಅಳೆಯುವ ಸ್ಯಾಚುರೇಶನ್ ಪ್ರೋಬ್ ತಣ್ಣನೆಯ ಪಾದದಲ್ಲಿ ಅಲೆಯನ್ನೇ ಹಿಡಿಯದೆ ಒಂದು ಅಂಕಿ ತೋರಿಸುತ್ತಿರುತ್ತದೆ. ಪರದೆಯ ಮೇಲಿನ ಅಲೆ ನೋಡಿದ ಮೇಲೆ ಅಂಕಿ ನೋಡುವ ಅಭ್ಯಾಸ ಮೊದಲ ದಿನವೇ ಬರಲಿ.

ಇನ್ನು ತೂಕ. ಮಕ್ಕಳ ಚಿಕಿತ್ಸೆಯಲ್ಲಿ ಪ್ರತಿ ಔಷಧ, ಪ್ರತಿ ಡ್ರಿಪ್ ತೂಕದ ಮೇಲೆ ನಿಂತಿದೆ. ಹಾಗಿದ್ದೂ ಕೇಸ್ ಶೀಟ್‌ನಲ್ಲಿ ತೂಕದ ಜಾಗ ಖಾಲಿ ಇರುವುದು ನಮಗೆ ಆಗಾಗ ಕಾಣುವ ಲೋಪ. ತೂಗಲು ಆಗದಿದ್ದರೆ ಒಂದು ವರ್ಷ ಮೇಲ್ಪಟ್ಟ ಮಗುವಿಗೆ ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಆದರೆ ನಮ್ಮ ಕಡೆ ಬಡಕಲು ಮಕ್ಕಳು ಹೆಚ್ಚು, ಈ ಸೂತ್ರ ಅವರಿಗೆ ಒಂದೆರಡು ಕೆ.ಜಿ. ಹೆಚ್ಚೇ ಹೇಳುತ್ತದೆ. ತಾಯಿಯನ್ನು ಮಗುವಿನೊಂದಿಗೆ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಆಮೇಲೆ ತಾಯಿಯೊಬ್ಬರನ್ನೇ ತೂಗಿ ಕಳೆಯುವುದು ಒಂದು ನಿಮಿಷದ ಕೆಲಸ. ಸೂತ್ರಕ್ಕಿಂತ ಅದು ಎಷ್ಟೋ ವಾಸಿ.

ಅಡ್ರಿನಲಿನ್ ಒಂದನ್ನು ಹಿಡಿದು ವಿದ್ಯಾರ್ಥಿಯ ಲೆಕ್ಕ ಪರೀಕ್ಷಿಸಬಹುದು. ಆಂಪ್ಯೂಲ್ 1 ಮಿ.ಲೀ.; ಅದರಲ್ಲಿ 1 ಮಿ.ಗ್ರಾಂ ಔಷಧ. ಎದೆಬಡಿತ ನಿಂತಾಗ ಕೊಡುವ ಪ್ರಮಾಣ ಪ್ರತಿ ಕೆ.ಜಿ.ಗೆ 0.01 ಮಿ.ಗ್ರಾಂ, ಮೂರರಿಂದ ಐದು ನಿಮಿಷಕ್ಕೊಮ್ಮೆ. ಆಂಪ್ಯೂಲ್‌ನ 1 ಮಿ.ಲೀ.ಗೆ 9 ಮಿ.ಲೀ. ಸಲೈನ್ ಸೇರಿಸಿ 10 ಮಿ.ಲೀ. ಮಾಡಿಕೊಂಡರೆ ಈಗ ಪ್ರತಿ ಕೆ.ಜಿ.ಗೆ 0.1 ಮಿ.ಲೀ.; ಹತ್ತು ಕೆ.ಜಿ. ಮಗುವಿಗೆ 1 ಮಿ.ಲೀ. ಅದೇ ಮಗುವಿಗೆ ತೀವ್ರ ಅಲರ್ಜಿಯಾಗಿ ತೊಡೆಯ ಸ್ನಾಯುವಿಗೆ ಕೊಡುವುದಾದರೆ ಮಿ.ಗ್ರಾಂ ಲೆಕ್ಕ ಅಷ್ಟೇ, ಆದರೆ ನೀರು ಸೇರಿಸದ ಆಂಪ್ಯೂಲ್‌ನಿಂದ 0.1 ಮಿ.ಲೀ. ತಪ್ಪು ನುಗ್ಗುವುದು ಈ ಎರಡರ ನಡುವೆಯೇ. ‘ಹತ್ತು ಕೆ.ಜಿ.ಗೆ 1 ಮಿ.ಲೀ.’ ಎನ್ನುವುದಷ್ಟೇ ತಲೆಯಲ್ಲಿ ಉಳಿದು, ನೀರು ಸೇರಿಸದ ಔಷಧವನ್ನೇ ರಕ್ತನಾಳಕ್ಕೆ ಹಾಕಿದರೆ ಹತ್ತು ಪಟ್ಟು ಹೋಯಿತು. ಆದ್ದರಿಂದ ಬೆರೆಸಿದ ಸಿರಿಂಜ್ ಮೇಲೆ ಆ ಕ್ಷಣವೇ ಪ್ಲಾಸ್ಟರ್ ಅಂಟಿಸಿ, ಔಷಧದ ಹೆಸರು, ‘1 ಮಿ.ಲೀ.ನಲ್ಲಿ 0.1 ಮಿ.ಗ್ರಾಂ’ ಮತ್ತು ಸಮಯ ಬರೆಯಬೇಕು. ಬರೆಯದ ಸಿರಿಂಜ್ ಯಾರ ಕೈಯಲ್ಲಿದ್ದರೂ ಅದು ಕಸದ ಬುಟ್ಟಿಗೆ.

ಸಿರಿಂಜ್ ಪಂಪ್‌ನಲ್ಲಿ ಸತತವಾಗಿ ಕೊಡುವಾಗ 50 ಮಿ.ಲೀ. ಲೆಕ್ಕ: ತೂಕವನ್ನು 0.3ರಿಂದ ಗುಣಿಸಿದಷ್ಟು ಮಿ.ಗ್ರಾಂ ಅಡ್ರಿನಲಿನ್ ಹಾಕಿ ಒಟ್ಟು 50 ಮಿ.ಲೀ. ಮಾಡಿದರೆ, ಗಂಟೆಗೆ 1 ಮಿ.ಲೀ. ಹೋದಾಗ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಹೋಗುತ್ತದೆ. ಹತ್ತು ಕೆ.ಜಿ.ಗೆ 3 ಮಿ.ಗ್ರಾಂ, ಅಂದರೆ ಮೂರು ಆಂಪ್ಯೂಲ್. ಇದನ್ನು ಸೂತ್ರವಾಗಿ ಉರುಹೊಡೆಸಬೇಡಿ. ಒಮ್ಮೆ ಕಾಗದದ ಮೇಲೆ ಮಿ.ಗ್ರಾಂನಿಂದ ಮೈಕ್ರೋಗ್ರಾಂಗೆ, ಗಂಟೆಯಿಂದ ನಿಮಿಷಕ್ಕೆ ಅವರೇ ಬಿಡಿಸಲಿ. ದಶಮಾಂಶ ಚುಕ್ಕೆಯ ಮುಂದೆ ಸೊನ್ನೆ ಇರಲೇಬೇಕು, ಪೂರ್ಣಸಂಖ್ಯೆಯ ಹಿಂದೆ ಚುಕ್ಕೆ-ಸೊನ್ನೆ ಇರಕೂಡದು, ‘.5’ ಎಂದು ಬರೆದದ್ದು ಐದಾಗಿ, ‘1.0’ ಎಂದದ್ದು ಹತ್ತಾಗಿ ಓದಿಸಿಕೊಳ್ಳುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಅನ್ನು ಬೇರೆ ಡಬ್ಬಿಯಲ್ಲಿ ಇಟ್ಟು, ಅದನ್ನು ಬೆರೆಸದೆ ನೇರವಾಗಿ ತಳ್ಳಿದರೆ ಹೃದಯ ನಿಲ್ಲುತ್ತದೆ ಎಂದು ತೋರಿಸಿಕೊಡಿ. ಫಿಟ್ಸ್ ಔಷಧ ಫೆನಿಟಾಯಿನ್ ಸಲೈನ್‌ನಲ್ಲಿ ಮಾತ್ರ ಬೆರೆಯುತ್ತದೆ, ಡೆಕ್ಸ್‌ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ ಎನ್ನುವುದೂ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ. ಶೇಕಡಾ 10ರ ಡೆಕ್ಸ್‌ಟ್ರೋಸ್ ಸಿಗದ ಕಡೆ ಶೇಕಡಾ 25ರದ್ದು 20 ಮಿ.ಲೀ.ಗೆ ಇಂಜೆಕ್ಷನ್ ನೀರು 30 ಮಿ.ಲೀ. ಸೇರಿಸಿದರೆ ಆಯಿತು; ಫಿಟ್ಸ್ ಬಂದು ಸಕ್ಕರೆ ಇಳಿದ ಮಗುವಿಗೆ ಅದನ್ನು ಪ್ರತಿ ಕೆ.ಜಿ.ಗೆ 5 ಮಿ.ಲೀ. ಕೊಡಬಹುದು.

ಒಂದೇ ಒಂದು ಕೈಕೆಲಸವನ್ನು ಪೂರ್ತಿಯಾಗಿ ಕಲಿಸಲು ಸಮಯವಿದೆ ಎಂದರೆ ನಾವು ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬೂ ಬ್ಯಾಗ್ ಆರಿಸಿಕೊಳ್ಳುತ್ತೇವೆ. ವಿದ್ಯಾರ್ಥಿಗಳಿಗೆ ಟ್ಯೂಬ್ ಹಾಕುವ ಆಸೆ. ಆದರೆ ಮಕ್ಕಳಿಗೆ ಟ್ಯೂಬ್ ಹಾಕುವುದು ಕೆಲವು ದಿನಗಳಲ್ಲಿ ಬರುವ ವಿದ್ಯೆಯಲ್ಲ. ಬ್ಯಾಗ್ ಮತ್ತು ಮಾಸ್ಕ್ ಸರಿಯಾಗಿ ಹಿಡಿಯುವುದು ಬರುತ್ತದೆ, ಹೆಚ್ಚಿನ ಮಕ್ಕಳನ್ನು ಉಳಿಸಲು ಅಷ್ಟು ಸಾಕಾಗುತ್ತದೆ.

ಬ್ಯಾಗ್ ಕೈಗೆ ತೆಗೆದುಕೊಂಡ ಕೂಡಲೇ ಪರೀಕ್ಷೆ: ಮಾಸ್ಕ್ ಹಾಕುವ ಬಾಯಿಯನ್ನು ಅಂಗೈಯಿಂದ ಮುಚ್ಚಿ ಒತ್ತಬೇಕು. ಒತ್ತಡ ಹೆಚ್ಚಾದಾಗ ಪಾಪ್-ಆಫ್ ಕವಾಟ ‘ಉಸ್’ ಎಂದು ತೆರೆದುಕೊಳ್ಳಬೇಕು, ಕೈ ಬಿಟ್ಟರೆ ಬ್ಯಾಗ್ ತಕ್ಷಣ ಉಬ್ಬಬೇಕು. ತೊಳೆದು ಜೋಡಿಸುವಾಗ ಕವಾಟದ ರಬ್ಬರ್ ತಿರುಗುಮುರುಗಾಗಿ ಕೂತಿದ್ದರೆ ಇಲ್ಲೇ ಗೊತ್ತಾಗುತ್ತದೆ. ಎಳೆಮಕ್ಕಳಿಗೂ ಸಣ್ಣ ಮಕ್ಕಳಿಗೂ 450–500 ಮಿ.ಲೀ. ಬ್ಯಾಗ್ ಸಾಕು. ಹಿಂದಿನ ರಿಸರ್ವಾಯರ್ ಚೀಲ ಸಿಕ್ಕಿಸಿ ಆಕ್ಸಿಜನ್ ನಿಮಿಷಕ್ಕೆ 10ರಿಂದ 15 ಲೀಟರ್ ಬಿಟ್ಟರೆ ಹೆಚ್ಚುಕಡಿಮೆ ಶುದ್ಧ ಆಕ್ಸಿಜನ್ ಹೋಗುತ್ತದೆ. ಚೀಲವಿಲ್ಲದಿದ್ದರೆ ಅದಕ್ಕಿಂತ ಬಹಳ ಕಡಿಮೆ. ತಾನೇ ಉಸಿರಾಡುತ್ತಿರುವ ಮಗುವಿನ ಮುಖದ ಬಳಿ ಈ ಬ್ಯಾಗನ್ನು ಒತ್ತದೆ ಸುಮ್ಮನೆ ಹಿಡಿಯುವುದು ಎಲ್ಲ ಕಡೆ ಕಾಣುವ ತಪ್ಪು. ಒತ್ತದಿದ್ದರೆ ಕವಾಟ ತೆರೆಯುವುದಿಲ್ಲ, ಆಕ್ಸಿಜನ್ ಹೊರಗೆಲ್ಲೋ ಹೋಗುತ್ತಿರುತ್ತದೆ. ಅಂಥ ಮಗುವಿಗೆ ಸಾಮಾನ್ಯ ಆಕ್ಸಿಜನ್ ಮಾಸ್ಕ್ ಬೇಕು.

ಮಾಸ್ಕ್ ಮೂಗಿನ ಬುಡದಿಂದ ಗದ್ದದ ಕುಳಿಯವರೆಗೆ ಕೂರಬೇಕು. ಕಣ್ಣು ಒತ್ತಬಾರದು, ಗದ್ದ ದಾಟಬಾರದು. ಒಂದು ವರ್ಷದೊಳಗಿನ ಮಗುವಿನ ತಲೆಯ ಹಿಂಭಾಗ ದೊಡ್ಡದು. ಚಪ್ಪಟೆ ಮಲಗಿಸಿದರೆ ಕುತ್ತಿಗೆ ಮುಂದಕ್ಕೆ ಬಾಗಿ ಶ್ವಾಸನಾಳ ಮಡಚಿಕೊಳ್ಳುತ್ತದೆ. ಭುಜದ ಕೆಳಗೆ ಮಡಚಿದ ಟವೆಲ್ ಇಟ್ಟು ಕಿವಿಯ ರಂಧ್ರ ಮತ್ತು ಭುಜದ ಮುಂಭಾಗ ಒಂದೇ ಮಟ್ಟಕ್ಕೆ ಬರುವಂತೆ ಮಾಡಿದರೆ ದಾರಿ ತೆರೆಯಿತು. ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕ್ ಮೇಲೆ, ಉಳಿದ ಮೂರು ಬೆರಳು ದವಡೆಯ ಮೂಳೆಯ ಮೇಲೆ. ಆ ಮೂರು ಬೆರಳು ದವಡೆಯ ಕೆಳಗಿನ ಮೆತ್ತನೆಯ ಜಾಗಕ್ಕೆ ಜಾರಿದರೆ ನಾಲಿಗೆಯನ್ನೇ ಮೇಲಕ್ಕೆ ತಳ್ಳಿ ದಾರಿ ಮುಚ್ಚುತ್ತವೆ. ಮಾಸ್ಕನ್ನು ಮುಖಕ್ಕೆ ಒತ್ತುವ ಬದಲು ಮುಖವನ್ನೇ ಮಾಸ್ಕ್‌ನತ್ತ ಎತ್ತಬೇಕು. ಎದೆ ಏಳುವಷ್ಟು ಮಾತ್ರ ಒತ್ತಿ, ಎರಡು-ಮೂರು ಸೆಕೆಂಡಿಗೆ ಒಂದು ಉಸಿರು. ಗಾಬರಿಯಲ್ಲಿ ಎಲ್ಲರ ಕೈಯೂ ಓಡುತ್ತದೆ. ಬೇಗ ಒತ್ತಿದಷ್ಟೂ ಗಾಳಿ ಹೊಟ್ಟೆಗೆ ಹೋಗಿ, ಹೊಟ್ಟೆ ಉಬ್ಬಿ, ಎದೆಗೆ ಜಾಗವಿಲ್ಲದಂತಾಗಿ, ಕೊನೆಗೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ‘ಒತ್ತು, ಬಿಡು, ಬಿಡು’ ಎಂದು ಬಾಯಲ್ಲಿ ಹೇಳಿಕೊಂಡೇ ಮಾಡಿಸಿ. ಹೊಟ್ಟೆ ಉಬ್ಬಿದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಗಾಳಿ ತೆಗೆಯಬೇಕು. ಎದೆ ಏಳದಿದ್ದರೆ ತಲೆಯ ಭಂಗಿ ಸರಿಪಡಿಸಿ, ಮಾಸ್ಕ್ ಮತ್ತೆ ಕೂರಿಸಿ, ಬಾಯಿ ಸಕ್ಷನ್ ಮಾಡಿ, ಆಗಲೂ ಆಗದಿದ್ದರೆ ಇಬ್ಬರಾಗಿ: ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್, ಇನ್ನೊಬ್ಬರು ಬ್ಯಾಗ್.

ತೀವ್ರ ನಿಗಾ ಎನ್ನುವ ವಿಭಾಗ ಹುಟ್ಟಿದ್ದೇ ಹೀಗೆ ಬ್ಯಾಗ್ ಒತ್ತಿದ ವೈದ್ಯಕೀಯ ವಿದ್ಯಾರ್ಥಿಗಳ ಕೈಯಲ್ಲಿ ಎನ್ನುವುದನ್ನು ಇವರಿಗೆ ಹೇಳಬೇಕು. 1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ, ಉಸಿರಾಟದ ಸ್ನಾಯು ಸೋತ ರೋಗಿಗಳು ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ತುಂಬಿಹೋದರು. ಅವರಲ್ಲಿ ಬಹಳಷ್ಟು ಮಂದಿ ಮಕ್ಕಳು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯ ಕುತ್ತಿಗೆಯಲ್ಲಿ ಮಾಡಿಸಿದ ರಂಧ್ರದ ಮೂಲಕ ಟ್ಯೂಬ್ ಇಟ್ಟು, ಚೀಲ ಒತ್ತಿ ಉಸಿರು ಕೊಟ್ಟು ಉಳಿಸಿ ತೋರಿಸಿದರು. ಆಮೇಲೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲೂ ರಾತ್ರಿ, ತಿಂಗಳುಗಟ್ಟಲೆ ರೋಗಿಗಳ ಪಕ್ಕ ಕುಳಿತು ಕೈಯಲ್ಲೇ ಉಸಿರು ಕೊಟ್ಟರು. ‘ನಾನು ಇಲ್ಲಿ ಏನು ಮಾಡಲಿ ಸರ್, ನಾನಿನ್ನೂ ವಿದ್ಯಾರ್ಥಿ’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಗೊತ್ತಿಲ್ಲ.

ಶಾಕ್‌ನಲ್ಲಿರುವ ಮಗುವಿಗೆ ಕ್ಯಾನುಲಾ (ಡ್ರಿಪ್ ಸೂಜಿ) ಹಾಕಲು ರಕ್ತನಾಳ ಸಿಗದೆ ಹದಿನೈದು ನಿಮಿಷ ಎರಡೂ ಕೈ, ಎರಡೂ ಕಾಲು ಚುಚ್ಚುತ್ತಾ ಕೂರುವುದು ತಪ್ಪಬೇಕಾದರೆ ಮೂಳೆಯೊಳಗೆ ಸೂಜಿ ಇಳಿಸುವುದು ಗೊತ್ತಿರಬೇಕು. ಅದಕ್ಕೆ ದುಬಾರಿ ಬೊಂಬೆ ಬೇಡ. ಅಂಗಡಿಯಿಂದ ತಂದ ಕೋಳಿ ಕಾಲು, 18 ಗೇಜ್ ಬೋನ್ ಮ್ಯಾರೋ ಸೂಜಿ, ಕೆಂಪು ಇಂಕು ಬೆರೆಸಿದ ನೀರು ಸಾಕು. ಮಗುವಿನಲ್ಲಿ ಜಾಗ ಮೊಣಕಾಲ ಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ ಒಂದೆರಡು ಸೆಂ.ಮೀ. ಕೆಳಗೆ, ಒಳಬದಿಯ ಚಪ್ಪಟೆ ಮೇಲ್ಮೈ. ಸೂಜಿ ನೆಟ್ಟಗೆ ಹಿಡಿದು ತಿರುಚುತ್ತಾ ಒತ್ತಿದರೆ ಒಂದು ಕ್ಷಣ ಗಟ್ಟಿ, ಆಮೇಲೆ ತಟಕ್ಕನೆ ಸಡಿಲ. ಆ ಸಡಿಲವನ್ನು ಬೆರಳಿಗೆ ಕಲಿಸಲಿಕ್ಕೇ ಕೋಳಿ ಕಾಲು. ಸೂಜಿ ಆಸರೆಯಿಲ್ಲದೆ ನಿಂತರೆ, ಬಣ್ಣದ ನೀರು ಹಾಕಿದಾಗ ಸುತ್ತ ಮಾಂಸ ಉಬ್ಬದಿದ್ದರೆ ಸರಿಯಾದ ಜಾಗ. ಇನ್ನೊಂದು ಬದಿಯಿಂದ ನೀರು ಹೊರಬಂದರೆ ಮೂಳೆ ದಾಟಿ ಹೋಗಿದೆ. ಒಮ್ಮೆ ತೂತಾದ ಮೂಳೆಗೆ ಮತ್ತೆ ಹಾಕಿದರೆ ಹಳೆಯ ತೂತಿನಿಂದ ಸೋರುತ್ತದೆ, ಅದಕ್ಕೆ ಎರಡನೆಯ ಸಲ ಇನ್ನೊಂದು ಕಾಲು. ಕೆಳಗೆ ಕೈ ಆಸರೆ ಕೊಟ್ಟು ಹಿಡಿಯುವ ಚಾಳಿ ಅನೇಕರಿಗೆ. ಸೂಜಿ ಅವರ ಅಂಗೈಗೇ ಇಳಿಯುತ್ತದೆ, ಮೊದಲ ಸಲವೇ ಬಿಡಿಸಿ.

ದ್ರವ ಕೊಡುವ ವಿಷಯಕ್ಕೆ ಬಂದರೆ ಇಲ್ಲಿ ಕೈಗಿಂತ ತಲೆ ಹೆಚ್ಚು ಓಡಬೇಕು. ಹತ್ತು ಕೆ.ಜಿ. ಮಗುವಿಗೆ ಪ್ರತಿ ಕೆ.ಜಿ.ಗೆ 20 ಮಿ.ಲೀ. ಎಂದರೆ 200 ಮಿ.ಲೀ.; 24 ಗೇಜ್ ಕ್ಯಾನುಲಾಗೆ ಬಾಟಲಿ ನೇತುಹಾಕಿದರೆ ಬೇಕಾದ ವೇಗದಲ್ಲಿ ಹೋಗುವುದಿಲ್ಲ. ಮೂರು ದಾರಿಯ ನಲ್ಲಿಯಾದ ತ್ರೀ-ವೇ ಹಾಕಿ 50 ಮಿ.ಲೀ. ಸಿರಿಂಜ್‌ನಲ್ಲಿ ಎಳೆದು ತಳ್ಳಬೇಕು, ನಾಲ್ಕು ಸಲ. ಪ್ರತಿ 10 ಮಿ.ಲೀ./ಕೆ.ಜಿ. ಆದ ಮೇಲೆ ನಿಲ್ಲಿಸಿ ನೋಡಬೇಕು: ನಾಡಿ ಇಳಿಯಿತೇ, ಲಿವರ್ ಅಂಚು ಕೆಳಗೆ ಬಂತೇ, ಎದೆಯಲ್ಲಿ ಹೊಸದಾಗಿ ಕ್ರೆಪಿಟೇಶನ್ (ನೀರು ತುಂಬಿದಾಗಿನ ಚಟಚಟ ಸದ್ದು) ಕೇಳುತ್ತಿದೆಯೇ. ಲಿವರ್ ಅಂಚನ್ನು ಮೊದಲ ಬೋಲಸ್‌ಗೆ, ಅಂದರೆ ಹೀಗೆ ಬೇಗ ತಳ್ಳುವ ದ್ರವಕ್ಕೆ, ಮುಂಚೆ ಪೆನ್ನಿನಿಂದ ಗುರುತು ಹಾಕದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಭೇದಿಯಿಂದ ನೀರು ಬತ್ತಿದ ಮಗುವಿಗೆ ಧಾರಾಳವಾಗಿ ಕೊಡಬೇಕು. ಎಲ್ಲ ಶಾಕ್‌ಗೂ ಅದೇ ಮದ್ದಲ್ಲ. ಉಗಾಂಡ, ಕೀನ್ಯಾ, ತಾಂಜಾನಿಯಾಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನದಲ್ಲಿ, ಜ್ವರದೊಂದಿಗೆ ರಕ್ತಸಂಚಾರ ಕುಂದಿದ ಮಕ್ಕಳಿಗೆ ಬೋಲಸ್ ಕೊಟ್ಟ ಗುಂಪಿನಲ್ಲೇ ಸಾವು ಹೆಚ್ಚಾಯಿತು. ವೆಂಟಿಲೇಟರ್ ಇಲ್ಲದ ಆಸ್ಪತ್ರೆಗಳವು. 2020ರ ಅಂತರರಾಷ್ಟ್ರೀಯ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿ) ಮಾರ್ಗಸೂಚಿಯೂ ತೀವ್ರ ನಿಗಾ ಸೌಲಭ್ಯವಿಲ್ಲದ ಕಡೆ, ಬಿಪಿ ಬಿದ್ದಿಲ್ಲದಿದ್ದರೆ ಬೋಲಸ್ ಬೇಡ ಎಂದಿತು. ನಾಳೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೂರುವವರಿಗೆ ಇದು ಪುಸ್ತಕದ ಚರ್ಚೆಯಲ್ಲ, ಅದೇ ರಾತ್ರಿಯ ನಿರ್ಧಾರ.

ಡೆಂಗಿ ಮಳೆಗಾಲದುದ್ದಕ್ಕೂ ನಮ್ಮ ವಾರ್ಡುಗಳನ್ನು ತುಂಬುವ ಪಾಠ. ಜ್ವರ ಬಿಟ್ಟ ದಿನ ಮನೆಯವರು ನಿರಾಳವಾಗುತ್ತಾರೆ, ಅಪಾಯದ 24ರಿಂದ 48 ಗಂಟೆ ಶುರುವಾಗುವುದು ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು, ವಸಡಿನಲ್ಲಿ ರಕ್ತ, ದೊಡ್ಡದಾದ ಲಿವರ್, ಏರುತ್ತಿರುವ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು): ಇವು ಎಚ್ಚರಿಕೆಗಳು. ವಿದ್ಯಾರ್ಥಿಗಳ ಕಣ್ಣು ಮಾತ್ರ ಪ್ಲೇಟ್‌ಲೆಟ್ ಮೇಲೆ, ಬಂಧುಗಳ ಕಣ್ಣೂ ಅಲ್ಲೇ. ಮಗುವನ್ನು ಶಾಕ್‌ಗೆ ತಳ್ಳುವುದು ರಕ್ತನಾಳದಿಂದ ಸೋರುವ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಶ. ರಕ್ತಸ್ರಾವವಿಲ್ಲದ ಮಗುವಿಗೆ ಬರೀ ಅಂಕಿ ನೋಡಿ ಪ್ಲೇಟ್‌ಲೆಟ್ ಏರಿಸುವುದು ಬೇಕಿಲ್ಲ. ಮೇಲಿನ ಮತ್ತು ಕೆಳಗಿನ ಬಿಪಿಯ ಅಂತರ 20 ಅಥವಾ ಕಡಿಮೆಯಾದರೆ, ಮೇಲಿನದು 100 ಇದ್ದರೂ ಅದು ಶಾಕ್. 100/84 ಎಂದು ಬರೆದ ಚಾರ್ಟ್ ತೋರಿಸಿ ‘ಬಿಪಿ ಹೇಗಿದೆ’ ಎಂದು ಕೇಳಿನೋಡಿ, ‘ನಾರ್ಮಲ್ ಸರ್’ ಎಂದವರಿಗೆ ಅವತ್ತಿನ ಪಾಠ ಅದೇ.

ಬಿಪಿ ಇನ್ನೂ ಉಳಿದಿರುವ ಡೆಂಗಿ ಶಾಕ್‌ಗೆ ಮೊದಲ ಗಂಟೆಯಲ್ಲಿ ಪ್ರತಿ ಕೆ.ಜಿ.ಗೆ 10 ಮಿ.ಲೀ.ಯಿಂದ ಶುರುಮಾಡಿ, ಮಗು ಸುಧಾರಿಸಿದಂತೆ 7, 5, 3 ಎಂದು ಇಳಿಸುತ್ತಾ ಬರಬೇಕು. ದಪ್ಪ ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ. ಎಷ್ಟು ಕೊಟ್ಟರೆ ಸಾಕು ಎಂದು ಹೇಳುವುದು ಉಚ್ಚೆ: ಗಂಟೆಗೆ ಪ್ರತಿ ಕೆ.ಜಿ.ಗೆ 0.5ರಿಂದ 1 ಮಿ.ಲೀ. ಬರುತ್ತಿದ್ದರೆ ಸಾಕು, ಹೆಚ್ಚು ಬರುತ್ತಿದ್ದರೆ ಡ್ರಿಪ್ ಇಳಿಸುವ ಹೊತ್ತು. ಹಿಮಟೋಕ್ರಿಟ್ ಅನ್ನು ಮಗುವಿನ ಜೊತೆ ಸೇರಿಸಿ ಓದಬೇಕು. ಏರಿದ್ದು ಮಗು ಕುಸಿಯುತ್ತಿದ್ದರೆ ದ್ರವ ಸಾಲದು. ಇಳಿದಿದ್ದು ಮಗು ಕುಸಿಯುತ್ತಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ, ರಕ್ತವೇ ಬೇಕು. ಇಳಿದಿದ್ದು ಮಗು ಹಸಿವು ಎಂದು ಕೇಳುತ್ತಿದ್ದರೆ ಸೋರಿದ ಪ್ಲಾಸ್ಮಾ ವಾಪಸ್ ಬರುತ್ತಿದೆ, ಡ್ರಿಪ್ ನಿಲ್ಲಿಸಿ. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ. ಶಾಕ್‌ನಿಂದ ಪಾರಾದ ಮಕ್ಕಳು ಎರಡನೆಯ, ಮೂರನೆಯ ದಿನ ಎದೆಯಲ್ಲಿ ನೀರು ತುಂಬಿ ವೆಂಟಿಲೇಟರ್‌ಗೆ ಹೋಗುವುದು ನಿಲ್ಲಿಸದ ಡ್ರಿಪ್‌ನಿಂದ. ಗಂಟೆಗಂಟೆಗೂ ಚಾರ್ಟ್ ತುಂಬುವ ಕೆಲಸವನ್ನು ಇಂಟರ್ನ್‌ಗೆ ಕೊಡುತ್ತೇವಲ್ಲ, ಜೊತೆಗೆ ‘ಮುಂದಿನ ಗಂಟೆ ಡ್ರಿಪ್ ಎಷ್ಟು, ಯಾಕೆ’ ಎಂದು ಕೊನೆಯ ಕಾಲಂನಲ್ಲಿ ಅವರ ಅಭಿಪ್ರಾಯವನ್ನೂ ಬರೆಸಬೇಕು. ಸ್ನಾತಕೋತ್ತರ ವಿದ್ಯಾರ್ಥಿ, ಅಂದರೆ ಪಿಜಿ, ಅದನ್ನು ಒಪ್ಪಲಿ, ತಿದ್ದಲಿ. ಬರೀ ಗುಮಾಸ್ತಿಕೆ ಆಗಿದ್ದದ್ದು ಆಗ ಓದಾಗುತ್ತದೆ.

ಉತ್ತರ ಕರ್ನಾಟಕದಲ್ಲಿ ಕೆಲಸಕ್ಕೆ ಹೋಗುವವರಿಗೆ ಚೇಳು ಕಡಿತ ಬೇರೆಯಾಗಿ ಕಲಿಸಬೇಕು. ಬೆವರು, ಜೊಲ್ಲು, ಹಿಮದಂತೆ ತಣ್ಣನೆಯ ಕೈಕಾಲು ಕಂಡರೆ ಕೆಂಪು ಚೇಳಿನ ವಿಷ ಹೃದಯದ ಮೇಲೆ ಕೂತಿದೆ ಎಂದರ್ಥ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಬಳಕೆಗೆ ತಂದ ಪ್ರಜೋಸಿನ್, ಪ್ರತಿ ಕೆ.ಜಿ.ಗೆ 30 ಮೈಕ್ರೋಗ್ರಾಂ, ಕೈಕಾಲು ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ ಬಾಯಿಗೆ. 1 ಮಿ.ಗ್ರಾಂ ಮಾತ್ರೆಯನ್ನು 10 ಮಿ.ಲೀ. ನೀರಿನಲ್ಲಿ ಕರಗಿಸಿದರೆ ಹತ್ತು ಕೆ.ಜಿ. ಮಗುವಿಗೆ 3 ಮಿ.ಲೀ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಇದಕ್ಕೆ ಆಗದು, ಸಾದಾ ಮಾತ್ರೆಯೇ ಆಗಬೇಕು. ಕೊಟ್ಟ ಮೇಲೆ ಮಗುವನ್ನು ಎತ್ತಿ ನಿಲ್ಲಿಸಬಾರದು, ಬಿಪಿ ಬೀಳುತ್ತದೆ. ಹಾವು ಕಡಿತದಲ್ಲಿ ವಿಷದ ಪ್ರಮಾಣ ದೊಡ್ಡವರಿಗೂ ಮಕ್ಕಳಿಗೂ ಒಂದೇ ಆದ್ದರಿಂದ ಪ್ರತಿವಿಷದ ವಯಲ್‌ಗಳೂ ಅಷ್ಟೇ. ತೂಕದ ಲೆಕ್ಕ ಇಲ್ಲಿ ಮಾತ್ರ ನಡೆಯದು.

ವೆಂಟಿಲೇಟರ್ ಬಗ್ಗೆ ವಿದ್ಯಾರ್ಥಿಗೆ ಗೊತ್ತಿರಬೇಕಾದದ್ದು ಒಂದೇ ಪರಿಸ್ಥಿತಿ: ಟ್ಯೂಬ್ ಇರುವ ಮಗುವಿನ ಸ್ಯಾಚುರೇಶನ್ ಇದ್ದಕ್ಕಿದ್ದಂತೆ ಬಿದ್ದರೆ ಏನು ಮಾಡಬೇಕು. ಗುಂಡಿ ಒತ್ತುತ್ತಾ ಕೂರಬಾರದು. ಜನರನ್ನು ಕೂಗಿ, ಯಂತ್ರ ಬಿಡಿಸಿ, ಬ್ಯಾಗ್‌ನಿಂದ ಪೂರ್ಣ ಆಕ್ಸಿಜನ್ ಕೊಡಬೇಕು. ಬ್ಯಾಗ್‌ಗೆ ಸುಧಾರಿಸಿದರೆ ತಪ್ಪು ಯಂತ್ರದ್ದು. ಸುಧಾರಿಸದಿದ್ದರೆ ಟ್ಯೂಬ್ ಜಾರಿದೆಯೇ, ಕಫ ಕಟ್ಟಿದೆಯೇ, ಎದೆಯ ಒಂದು ಬದಿಯಲ್ಲಿ ಗಾಳಿ ತುಂಬಿದೆಯೇ ಎಂದು ಕ್ರಮವಾಗಿ ನೋಡಬೇಕು. ತುಟಿಯ ಬಳಿ ಟ್ಯೂಬ್ ಎಷ್ಟು ಸೆಂ.ಮೀ.ಗೆ ಕಟ್ಟಿದೆ ಎನ್ನುವುದು ಮಂಚದ ತಲೆಯ ಕಡೆ ಬರೆದಿದ್ದರೆ ಮೊದಲ ಪ್ರಶ್ನೆಗೆ ಉತ್ತರ ಎರಡು ಸೆಕೆಂಡ್.

ಅಣಕು ತುರ್ತುಸ್ಥಿತಿಯ ಅಭ್ಯಾಸವನ್ನು ವಾರಕ್ಕೆ ಎರಡು ಸಲ, ಹತ್ತು ನಿಮಿಷ, ವಾರ್ಡಿನ ಖಾಲಿ ಮಂಚದ ಮೇಲೆಯೇ ಮಾಡಿಸುವುದು ಒಳ್ಳೆಯದು. ಒಂದು ಬೊಂಬೆ, ತುರ್ತು ಔಷಧ-ಸಾಮಾನಿನ ನಿಜವಾದ ಕ್ರಾಶ್ ಕಾರ್ಟ್. ಒಬ್ಬರು ಮುಂದಾಳು, ಒಬ್ಬರು ಬ್ಯಾಗ್, ಒಬ್ಬರು ಎದೆ ಒತ್ತಲು, ಒಬ್ಬರು ಔಷಧ, ಒಬ್ಬರು ಸಮಯ ಬರೆಯಲು. ಇಬ್ಬರಿದ್ದಾಗ 15 ಸಲ ಒತ್ತಿ 2 ಉಸಿರು, ಒಬ್ಬರೇ ಆದರೆ 30ಕ್ಕೆ 2. ಎದೆಯ ದಪ್ಪದ ಮೂರನೇ ಒಂದರಷ್ಟು ಆಳ, ನಿಮಿಷಕ್ಕೆ 100ರಿಂದ 120. ‘ಯಾರಾದರೂ ಅಡ್ರಿನಲಿನ್ ಕೊಡಿ’ ಎನ್ನುವ ಮಾತು ಕೇಳಿಸಿದ ತಕ್ಷಣ ನಿಲ್ಲಿಸಿ. ಯಾರಾದರೂ ಎಂದರೆ ಯಾರೂ ಅಲ್ಲ. ‘ಸಿಸ್ಟರ್, ಬೆರೆಸಿದ ಅಡ್ರಿನಲಿನ್ 1 ಮಿ.ಲೀ. ಕೊಡಿ’, ‘ಬೆರೆಸಿದ ಅಡ್ರಿನಲಿನ್ 1 ಮಿ.ಲೀ. ಕೊಟ್ಟೆ ಡಾಕ್ಟ್ರೇ, ಸಮಯ 10:42’ ಎಂದು ಮಾತು ಹೋಗಿ ಮರಳಬೇಕು. ಇದರಲ್ಲಿ ಸಿಸ್ಟರ್‌ಗಳನ್ನು ಸೇರಿಸಿಕೊಳ್ಳಲೇಬೇಕು. ಹತ್ತು ವರ್ಷ ಪಿಐಸಿಯು ನೋಡಿದ ಸಿಸ್ಟರ್ ‘ಡೋಸ್ ಜಾಸ್ತಿ ಆಯ್ತಲ್ಲ ಡಾಕ್ಟ್ರೇ’ ಎಂದಾಗ ಕೇಳಿಸಿಕೊಳ್ಳುವ ಅಭ್ಯಾಸ ಬೊಂಬೆಯ ಮುಂದೆಯೇ ಬೆಳೆಯಬೇಕು. ಮುಗಿದ ಮೇಲೆ ಮೊದಲ ಮಾತು ವಿದ್ಯಾರ್ಥಿಗಳದ್ದಾಗಲಿ. ಎಲ್ಲರ ಮುಂದೆ ಬೈದು ಕಲಿಸಿದರೆ ಅವರು ಕಲಿಯುವುದು ತಪ್ಪು ಮುಚ್ಚಿಡುವುದನ್ನು, ಮಕ್ಕಳ ಡೋಸ್ ವಿಷಯದಲ್ಲಿ ಅಂಥ ಮೌನಕ್ಕೆ ಪ್ರಾಣ ತೆರಬೇಕಾಗುತ್ತದೆ.

ತಂದೆ-ತಾಯಿಗೆ ಕೆಟ್ಟ ಸುದ್ದಿ ಹೇಳುವಾಗ ವಿದ್ಯಾರ್ಥಿಯನ್ನು ಹೊರಗೆ ಕಳಿಸುವ ಪದ್ಧತಿ ಬಿಡಬೇಕು. ಅವರು ಒಂದು ಪಕ್ಕ ಕುಳಿತು ನೋಡಲಿ: ಹೇಳುವವರೂ ಕುಳಿತೇ ಹೇಳುತ್ತಾರೆ, ಮಗುವನ್ನು ಹೆಸರು ಹಿಡಿದು ಕರೆಯುತ್ತಾರೆ, ಮೊದಲು ‘ನಿಮಗೆ ಇಲ್ಲಿವರೆಗೂ ಏನು ಹೇಳಿದ್ದಾರೆ ಅಮ್ಮಾ’ ಎಂದು ಕೇಳುತ್ತಾರೆ. ‘ಸೀರಿಯಸ್ ಇದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗಳಿಗೆ ಏದುಸಿರು, ಮಂಕು, ಪಕ್ಕೆ ಸೆಳೆತ, ಕೈಕಾಲು ಸೆಟೆದುಕೊಳ್ಳುವುದು ಮುಂತಾಗಿ ತಾಯಂದಿರ ಬಾಯಲ್ಲಿ ಬರುವ ಮಾತುಗಳ ಒಂದು ಪುಟ ಮೊದಲ ದಿನವೇ ಕೈಗೆ ಕೊಡಬೇಕು.

ಪೋಸ್ಟಿಂಗ್ ಕೊನೆಯ ದಿನದ ಪರೀಕ್ಷೆಯನ್ನು ನಾವು ತಾಲ್ಲೂಕು ಆಸ್ಪತ್ರೆಯ ಸಾಮಾನಿನಲ್ಲೇ ಕಟ್ಟಬೇಕು ಎನ್ನುತ್ತೇವೆ. ಮೇಜಿನ ಮೇಲೆ ಒಂದು ಬ್ಯಾಗ್, ಎರಡು ಅಳತೆಯ ಮಾಸ್ಕ್, ಸಲೈನ್, ಕೆಲವು ಆಂಪ್ಯೂಲ್, ಗ್ಲುಕೋಮೀಟರ್, ಬಿ-ಟೈಪ್ ಸಿಲಿಂಡರ್. ಎಂಟು ಕೆ.ಜಿ. ಮಗು, ಜಿಲ್ಲಾಸ್ಪತ್ರೆ ಎರಡು ಗಂಟೆ ದೂರ, 108 ಬಾಗಿಲಲ್ಲಿ ನಿಂತಿದೆ. ತುಂಬಿದ ಬಿ-ಟೈಪ್‌ನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ, ಸಿಲಿಂಡರ್ ಅರ್ಧವೇ ಇದ್ದರೆ ದಾರಿಯಲ್ಲೇ ಮುಗಿಯುತ್ತದೆ. ಈ ಲೆಕ್ಕವನ್ನು ಕೇಳದೆಯೇ ಮಾಡಿದರೆ ಅರ್ಧ ಅಂಕ ಅಲ್ಲೇ ಕೊಡಬಹುದು. ಮತ್ತೆ ರೆಫರಲ್ ಚೀಟಿ: ತೂಕ, ಬಂದಾಗಿನ ಮತ್ತು ಹೊರಡುವಾಗಿನ ಉಸಿರು, ನಾಡಿ, ಬಿಪಿ, ಸ್ಯಾಚುರೇಶನ್, ಸಕ್ಕರೆ, ಎಷ್ಟು ದ್ರವ ಹೋಯಿತು, ಯಾವ ಔಷಧ ಎಷ್ಟು ಗಂಟೆಗೆ, ಕೊನೆಯ ಸಲ ಉಚ್ಚೆ ಹೋದದ್ದು ಯಾವಾಗ, ಅಲ್ಲಿ ಯಾರ ಜೊತೆ ಫೋನಿನಲ್ಲಿ ಮಾತಾಯಿತು. ‘ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಿದೆ’ ಎಂಬ ಒಂದೇ ಸಾಲಿನ ಚೀಟಿ ಬರೆದವರಿಗೆ ಇನ್ನೊಂದು ಹಾಳೆ ಕೊಟ್ಟು ಮತ್ತೆ ಬರೆಸಿ.